ಮಂಡಕಳ್ಳಿ ಪಕ್ಕದ ಜಮೀನು: ಅಡ್ವಾನ್ಸ್ ಕೊಡುವ ಮುಂಚೆ

ಮೈಸೂರಿಗೆ ಹೊಸ ಏರ್‌ಪೋರ್ಟ್ ಬೇರೆ ಕಡೆ ಆಗುತ್ತದೆ, ಈಗಿನ ಏರ್‌ಪೋರ್ಟ್ ಇರುವ ಮಂಡಕಳ್ಳಿ ಪಕ್ಕದ ಜಮೀನು ಸ್ವಾಧೀನಕ್ಕೆ ಹೋಗುವ ಭಯವಿಲ್ಲ ಅಂತ ಬ್ರೋಕರ್ ಹೇಳಿದ್ದನ್ನು ನಂಬಬೇಡಿ. ಈಗಿನ ರನ್‌ವೇ 1,740 ಮೀಟರ್. ಎಟಿಆರ್‌ನಂಥ ಸಣ್ಣ ವಿಮಾನಕ್ಕೆ ಸಾಕು, ದೊಡ್ಡ ಜೆಟ್‌ಗೆ ಸಾಲದು. ಅದನ್ನೇ 2,750 ಮೀಟರ್‌ಗೆ ಉದ್ದ ಮಾಡುವ ಯೋಜನೆ ಇದೆ, ಅದಕ್ಕೇ ಜಮೀನು ಬೇಕು. ನನಗೂ ಅದೇ ಸರಿ ಅನಿಸುತ್ತದೆ. ಇರುವುದನ್ನು ಬಿಟ್ಟು ಹೊಸದಕ್ಕೆ ಇನ್ನಷ್ಟು ಹೊಲಗದ್ದೆ ಯಾಕೆ ಕಳೆಯಬೇಕು?

ಮೊದಲು ಪಹಣಿಯ 11ನೇ ಕಾಲಂ (ಇತರ ಹಕ್ಕು, ಋಣಗಳದ್ದು) ನೋಡಿ. ಅಲ್ಲಿ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಜಮೀನು ಸ್ವಾಧೀನ ಮಾಡುವ ಸಂಸ್ಥೆ) ಹೆಸರಿದ್ದರೆ ವ್ಯವಹಾರ ಬಿಟ್ಟುಬಿಡಿ. ಖಾಲಿ ಇದ್ದರೂ ಸುಮ್ನೆ ಕೂರಬೇಡಿ, ಸರ್ವೆ ನಂಬರ್ ಹಿಡಿದುಕೊಂಡು ಕೆಐಎಡಿಬಿ ಭೂಸ್ವಾಧೀನ ಕಚೇರಿಗೆ ಹೋಗಿ 28(1) (ಪ್ರಾಥಮಿಕ), 28(4) (ಅಂತಿಮ) ಭೂಸ್ವಾಧೀನ ಅಧಿಸೂಚನೆಯ ಪಟ್ಟಿ ಕೇಳಿ, ನಮ್ಮ ಅಣ್ಣನ ಜಮೀನಿನ ವಿಷಯ ಗೊತ್ತಾಗಿದ್ದೇ ಅಲ್ಲಿ. ಆಮೇಲೆ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ನೀವು ನೋಡಿದ ಜಮೀನು ಸ್ವಾಧೀನದ ಗಡಿಯೊಳಗೆ ಬರುತ್ತದೋ ಇಲ್ವೋ ಅಂತ ಸರ್ವೆ ನಂಬರ್ ಇಲ್ಲದೆ ಹೇಳಲು ಆಗುವುದಿಲ್ಲ.