ಅಡೇನಿಯಂ ಬುಡ ಮೆತ್ತಗಾಗಿದ್ದರೆ

ಕಲಬುರಗಿಯ ಅಂಗಳದಲ್ಲಿ ನೆಟ್ಟ ಅಡೇನಿಯಂಗೆ ದಿನಾ ನೀರು ಹಾಕಿದರೂ ಹೂವಿಲ್ಲ, ಬುಡ ಬೇರೆ ಮೆತ್ತಗಾಗಿದೆ ಎಂದಿದ್ದೀರಿ. ಆ ದಿನಾ ಹಾಕುವ ನೀರೇ ತೊಂದರೆ. ಇದು ಆಫ್ರಿಕಾ, ಅರೇಬಿಯಾದ ಒಣ ನೆಲದ ಗಿಡ. ದಪ್ಪ ಬುಡದಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ನಿಮ್ಮೂರಿನ ಬಿಸಿಲು ಅದಕ್ಕೆ ತುಂಬಾ ಇಷ್ಟ. ಆದರೆ ಎರೆಮಣ್ಣು ಆಗಿಬರುವುದಿಲ್ಲ. ಒಮ್ಮೆ ನೆನೆದರೆ ದಿನಗಟ್ಟಲೆ ತೇವ ಹಿಡಿದುಕೊಂಡಿರುತ್ತದೆ, ಅಲ್ವಾ?

ಇವತ್ತೇ ಗಿಡ ಕೀಳಿ. ಗಟ್ಟಿ, ಬಿಳಿ ತಿರುಳು ಸಿಗುವ ತನಕ ಕೊಳೆತದ್ದನ್ನೆಲ್ಲ ಕತ್ತರಿಸಿ. ಕೈಗವಸು ಮರೆಯಬೇಡಿ, ಇದರ ರಸ ವಿಷ. ಆಫ್ರಿಕಾದ ಬೇಟೆಗಾರರು ಬಾಣದ ತುದಿಗೆ ಸವರುತ್ತಿದ್ದದ್ದು ಇದನ್ನೇ. ಅರ್ಧ ಬುಡ ಹೋದರೂ ಗಾಬರಿ ಬೇಡ, ಉಳಿಯುವ ಸಾಧ್ಯತೆ ಚೆನ್ನಾಗಿಯೇ ಇದೆ. ಗಾಯ ಪೂರ್ತಿ ಒಣಗಲು ಒಂದು ವಾರ ನೆರಳಲ್ಲಿ ಸುಮ್ನೆ ಇಡಿ.

ಆಮೇಲೆ ದಪ್ಪ ಮರಳು, ಇಟ್ಟಿಗೆ ಚೂರು, ಸ್ವಲ್ಪ ಗೊಬ್ಬರ ಬೆರೆಸಿ ಒಂದಡಿ ಎತ್ತರದ ದಿಬ್ಬ ಮಾಡಿ ನೆಡಿ. ಮೊದಲ ವಾರ ನೀರು ಬೇಡ. ಮುಂದೆಯೂ ಮಣ್ಣು ಒಣಗಿದ ಮೇಲಷ್ಟೇ ಹಾಕಿ. ದಿನಕ್ಕೆ 6 ಗಂಟೆ ನೇರ ಬಿಸಿಲು ಬೀಳಲಿ. ಗಿಡ ಚೇತರಿಸಿಕೊಂಡ ಮೇಲೆ ಫೆಬ್ರವರಿಯಲ್ಲಿ ಕೊಂಬೆಗಳ ತುದಿ ಕತ್ತರಿಸಿ. ಹೂವು ಬರುವುದು ಹೊಸ ಚಿಗುರಿನ ತುದಿಯಲ್ಲೇ.