ತಡೆ ಪೆಪ್ಟೈಡ್ ಹಾಕಿದರೆ ಕೋಶವೇ ಸಾಯುತ್ತಿದೆ, ಏಕೆ?

ಪ್ರಶ್ನೆ: ಪ್ರೋಟೀನ್ ಕೈನೇಸ್ ಎ, ಅಂದರೆ ಪಿಕೆಎ ಕಿಣ್ವವನ್ನು ತಡೆಯಲು ಮೈರಿಸ್ಟಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಜೋಡಿಸಿದ ಪಿಕೆಐ 14-22 ಪೆಪ್ಟೈಡನ್ನು (ಪಿಕೆಎ ತಡೆಯುವ ಪಿಕೆಐ ಪ್ರೋಟೀನಿನ 14ರಿಂದ 22ರವರೆಗಿನ ಅಮೈನೊ ಆಮ್ಲಗಳ ತುಣುಕು) 50 ಮೈಕ್ರೋಮೋಲಾರ್ ಹಾಕುತ್ತಿದ್ದೇನೆ. ಗಂಟೆಯೊಳಗೆ ಕೋಶಗಳು ದುಂಡಗಾಗಿ ತಟ್ಟೆ ಬಿಟ್ಟು ಏಳುತ್ತವೆ. ಅಮೈನೊ ಆಮ್ಲಗಳ ಕ್ರಮ ಕಲಸಿದ ಪೆಪ್ಟೈಡ್ ಹಾಕಿದರೂ ಅದೇ ಗತಿ. ಪಿಕೆಎ ಇಲ್ಲದೆ ಕೋಶ ಬದುಕದು ಎನ್ನಬಹುದೇ?

ಉತ್ತರ: ಖಂಡಿತ ಬೇಡ. ಕಲಸಿದ ಪೆಪ್ಟೈಡೂ ಕೊಲ್ಲುತ್ತಿದ್ದರೆ ಪಿಕೆಎ ಮೇಲೆ ತಪ್ಪು ಹೊರಿಸಲಾಗದು. ಒಂದೆಡೆ ಕೊಬ್ಬಿನಾಮ್ಲ, ಇನ್ನೊಂದೆಡೆ ಧನ ಆವೇಶದ ಮೂರು ಆರ್ಜಿನೈನ್: ಸಾಂದ್ರತೆ ಹೆಚ್ಚಾದರೆ ಇಂಥದ್ದು ಸಾಬೂನಿನಂತೆ ಪೊರೆಯನ್ನೇ ಕೆಡಿಸಬಲ್ಲದು. ಪೊರೆ ಕೆಟ್ಟರೆ ಕೋಶದೊಳಗಿನ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಕಿಣ್ವ ಹೊರಬರುತ್ತದೆ; ಅದು ಮಾಧ್ಯಮಕ್ಕೆ ಸೋರಿದೆಯೇ ಅಳೆದು ನೋಡಿ. 1, 3, 10 ಮೈಕ್ರೋಮೋಲಾರ್‌ಗೆ ಇಳಿಸಿ, ಸೀರಂ ಇಲ್ಲದ ಮಾಧ್ಯಮದಲ್ಲಿ 30ರಿಂದ 60 ನಿಮಿಷ ಇಡಿ. ಸೀರಂ ಇದ್ದರೆ ಅದರ ಆಲ್ಬುಮಿನ್ ಕೊಬ್ಬಿನಾಮ್ಲವನ್ನು ಹಿಡಿದುಕೊಳ್ಳುತ್ತದೆ, ಪೆಪ್ಟೈಡ್ ಕೋಶಕ್ಕೆ ಸಿಗುವುದು ಕಡಿಮೆ.

ಸೀಸೆಯ ತೂಕವನ್ನೂ ನಂಬಬೇಡಿ. ಅದರಲ್ಲಿ ನೀರು, ಟ್ರೈಫ್ಲೂರೋಅಸಿಟೇಟ್ ಲವಣ ಸೇರಿರುತ್ತವೆ. ಪೆಪ್ಟೈಡ್ ಪಾಲು ಶೇ. 75 ಆದರೆ, 1 ಮಿಲಿಗ್ರಾಂಗೆ 827 ಮೈಕ್ರೋಲೀಟರ್ ಅಲ್ಲ, ಸುಮಾರು 620 ಮೈಕ್ರೋಲೀಟರ್ ದ್ರಾವಕ ಹಾಕಿದರೆ 1 ಮಿಲಿಮೋಲಾರ್ ಆಗುತ್ತದೆ.

ಇನ್ನು ಮುಖ್ಯ ಸಂಗತಿ: ಪಿಕೆಎ ನಿಜಕ್ಕೂ ನಿಂತಿತೇ ಎಂದು ತೋರಿಸಬೇಕು. ಪೆಪ್ಟೈಡ್ ನಂತರ, ಪಿಕೆಎಯನ್ನು ಚುರುಕುಗೊಳಿಸುವ ಫೋರ್ಸ್ಕೋಲಿನ್ 10 ಮೈಕ್ರೋಮೋಲಾರ್ ಹಾಕಿ, 15 ನಿಮಿಷಕ್ಕೆ ಕೋಶಗಳನ್ನು ಕುದಿಬಿಸಿ ಎಸ್‌ಡಿಎಸ್ (ಪ್ರೋಟೀನುಗಳನ್ನು ಬಿಡಿಸುವ ಮಾರ್ಜಕ) ಬಫರ್‌ನಲ್ಲಿ ಒಡೆದು, ಪಿಕೆಎ ಫಾಸ್ಫೇಟ್ ಜೋಡಿಸುವ ವಾಸ್ಪ್ (VASP) ಪ್ರೋಟೀನಿಗೆ ವೆಸ್ಟರ್ನ್ ಬ್ಲಾಟ್ (ಪ್ರೋಟೀನನ್ನು ಗಾತ್ರದಂತೆ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ಪರೀಕ್ಷೆ) ಮಾಡಿ. ಸೆರಿನ್ 157ಕ್ಕೆ ಫಾಸ್ಫೇಟ್ ಕೂತರೆ 46 ಕಿಲೋಡಾಲ್ಟನ್ ಪಟ್ಟಿ 50ರ ಬಳಿಗೆ ಏರುತ್ತದೆ. ಪಿಕೆಐ ಹಾಕಿದಲ್ಲಿ ಮೇಲಿನ ಪಟ್ಟಿ ಕುಂದಬೇಕು, ಕಲಸಿದ್ದರಲ್ಲಿ ಕುಂದಬಾರದು. ತಣ್ಣನೆಯ ಬಫರ್‌ನಲ್ಲಿ ನಿಧಾನವಾಗಿ ಒಡೆದರೆ ಫಾಸ್ಫೇಟ್ ಕಿತ್ತುಹಾಕುವ ಫಾಸ್ಫಟೇಸ್ ಕಿಣ್ವಗಳೇ ಆ ಪಟ್ಟಿಯನ್ನು ಅಳಿಸಿ ನಿಮ್ಮನ್ನು ದಾರಿ ತಪ್ಪಿಸುತ್ತವೆ.

ಕಲಸಿದ ಪೆಪ್ಟೈಡಿಗೂ ಅದೇ ಆವೇಶ, ಅದೇ ಕೊಬ್ಬಿನಾಮ್ಲ ಇರಲಿ. ಎರಡು ಆರ್ಜಿನೈನ್, ಒಂದು ಬಿಟ್ಟು ಅಲನಿನ್ ಎಂಬ, ಪಿಕೆಎ ಗುರುತಿಸುವ ಸಾಲು ಮಾತ್ರ ಅಕಸ್ಮಾತ್ತಾಗಿಯೂ ಮತ್ತೆ ಕೂಡಬಾರದು. ಇಷ್ಟಾದರೂ ಕೇವಲ ಪೆಪ್ಟೈಡ್ ನೆಚ್ಚಬೇಡಿ. ನೆನಪಿಗೆ ಬೇಕೆಂದು ಭಾವಿಸಲಾಗಿದ್ದ ಪಿಕೆಎಂ ಝೀಟಾ ಕಿಣ್ವವನ್ನು ತಡೆಯುತ್ತದೆಂದು ಬಳಸುತ್ತಿದ್ದ ಝಿಪ್ ಪೆಪ್ಟೈಡ್, ಆ ಕಿಣ್ವವೇ ಇಲ್ಲದ ಇಲಿಗಳಲ್ಲೂ ನೆನಪನ್ನು ಕೆಡಿಸಿದ್ದು 2013ರಲ್ಲಿ ಗೊತ್ತಾಯಿತು.

ಪ್ರಶ್ನೆ: ಕೋಶದೊಳಗೆ ಸಾಗಿಸುವ ಟ್ಯಾಟ್ ಎಂಬ ಅಮೈನೊ ಆಮ್ಲ ಸರಣಿ ಜೋಡಿಸಿದ ಹೊಳೆಯುವ ಪೆಪ್ಟೈಡ್ ಕೋಶಕೇಂದ್ರದಲ್ಲೇ ತುಂಬಿ ಕಾಣುತ್ತಿದೆ. ಒಳಹೊಕ್ಕಿದೆ ತಾನೆ?

ಉತ್ತರ: ಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರೀಕರಿಸಿ ನೋಡಿದ್ದರೆ ಹೇಳಲಾಗದು, ಪೊರೆಗೆ ಅಂಟಿದ್ದ ಪೆಪ್ಟೈಡ್ ಆಗ ಒಳಗೆ ಹರಿದಿರಬಹುದು. ಹೊರಗೆ ಅಂಟಿದ ಪೆಪ್ಟೈಡನ್ನು ಕತ್ತರಿಸುವ ಟ್ರಿಪ್ಸಿನ್ ಕಿಣ್ವದಿಂದ 5 ನಿಮಿಷ ತೊಳೆದು, ಜೀವಂತ ಕೋಶದಲ್ಲೇ ನೋಡಿ. ಚುಕ್ಕೆಚುಕ್ಕೆಯಾಗಿ ಕಂಡರೆ ಅದು ಎಂಡೋಸೋಮ್‌ನಲ್ಲೇ (ಹೊರಗಿನದನ್ನು ಕೋಶ ಒಳಗೆಳೆದುಕೊಳ್ಳುವ ಪುಟ್ಟ ಚೀಲ) ಸಿಕ್ಕಿಬಿದ್ದಿರುವ ಸಾಧ್ಯತೆ ಹೆಚ್ಚು.