ಮುಖ ಹಸಿರಾಗಿ ಬಂದರೆ ಹೆಡ್ ಹೋಯಿತು ಅಂತಲ್ಲ

ಪ್ರಶ್ನೆ: ನನ್ನ ಹತ್ತಿರ ಆರು ಬಣ್ಣದ ಇಂಕ್‌ಜೆಟ್ ಫೋಟೊ ಪ್ರಿಂಟರ್ ಇದೆ. ಮೂರು ತಿಂಗಳು ಮುಟ್ಟಿರಲಿಲ್ಲ. ಮೊನ್ನೆ ಮಗಳ ಫೋಟೊ ಪ್ರಿಂಟ್ ತೆಗೆದರೆ ಮುಖವೆಲ್ಲ ಹಸಿರು ಹಸಿರು, ಮೇಲಿಂದ ಅಡ್ಡಡ್ಡ ಬಿಳಿ ಗೆರೆ. ಹೆಡ್ ಕ್ಲೀನಿಂಗ್ ಏಳೆಂಟು ಸಲ ಮಾಡಿದೆ. ಗೆರೆ ಹೋಗಲಿಲ್ಲ, ಇಂಕ್ ಮಾತ್ರ ಅರ್ಧ ಖಾಲಿಯಾಯಿತು. ಹೆಡ್ ಹಾಳಾಯಿತಾ? ಸಿರಿಂಜಿನಲ್ಲಿ ನೀರು ಹಾಯಿಸುವ ವಿಡಿಯೊ ನೋಡಿದೆ. ಹಾಗೆ ಮಾಡಬಹುದಾ?

ಉತ್ತರ: ಸಿರಿಂಜ್ ಬೇಡ. ಕ್ಲೀನಿಂಗ್ ಕೂಡ ಇವತ್ತಿಗೆ ಸಾಕು. ನೀವು ಹೇಳಿದ ಲಕ್ಷಣ ನೋಡಿದರೆ ಹೆಡ್, ಅಂದರೆ ಕಾಗದದ ಮೇಲೆ ಇಂಕ್ ಚಿಮ್ಮಿಸುವ ಭಾಗ, ಸರಿಯಾಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಎರಡು ಮೂರು ದಿನ ಕಾಯುವ ತಾಳ್ಮೆ ಬೇಕು.

ಮುಖ ಹಸಿರಾಗಿದ್ದಕ್ಕೆ ಕಾರಣ ಸುಲಭ. ಮೆಜೆಂಟಾ (ಗಾಢ ಗುಲಾಬಿ) ಬರದಿದ್ದರೆ ಕಾಗದದ ಮೇಲೆ ಉಳಿಯುವುದು ಸಯಾನ್ (ಹಸಿರು ಛಾಯೆಯ ನೀಲಿ) ಮತ್ತು ಹಳದಿ. ಅವೆರಡೂ ಸೇರಿದರೆ ಹಸಿರು. ಆರು ಬಣ್ಣದ ಪ್ರಿಂಟರಿನಲ್ಲಿ ಚರ್ಮದ ಬಣ್ಣಕ್ಕೆ ತಿಳಿ ಮೆಜೆಂಟಾ ಜಾಸ್ತಿ ಬೇಕು. ಹಾಗಾಗಿ ಅದು ನಿಂತರೆ ಮೊದಲು ಕೆಡುವುದು ಮುಖವೇ. ಹೀಗೇ ಸಯಾನ್ ನಿಂತರೆ ಫೋಟೊ ಕೆಂಪಗಾಗುತ್ತದೆ, ಹಳದಿ ನಿಂತರೆ ನೀಲಿಗೆ ತಿರುಗುತ್ತದೆ.

ಈಗ ಸಾದಾ ಕಾಗದದ ಮೇಲೆ ನಾಝಲ್ ಚೆಕ್ ತೆಗೆಯಿರಿ. ಹೆಡ್ಡಿನಲ್ಲಿ ಇಂಕ್ ಹೊರಬರುವ ಸಣ್ಣ ರಂಧ್ರಗಳೇ ನಾಝಲ್; ಅವುಗಳಲ್ಲಿ ಯಾವುದು ನಿಂತಿದೆ ಅಂತ ಈ ಹಾಳೆಯ ಗೆರೆಗಳು ತೋರಿಸುತ್ತವೆ. ಕೆಲವು ನಿಮಿಷ ಬಿಟ್ಟು ಇನ್ನೊಂದು ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಗೆರೆ ತುಂಡಾಗಿರುವ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಎರಡರಲ್ಲೂ ಒಂದೇ ಜಾಗದಲ್ಲಿ ಗೆರೆ ತುಂಡಾಗಿದ್ದರೆ ಅಲ್ಲಿ ಇಂಕ್ ಒಣಗಿ ಕೂತಿದೆ. ಜಾಗ ಬದಲಾಗುತ್ತಿದ್ದರೆ, ಅಥವಾ ಮೊದಲು ಚೆನ್ನಾಗಿ ಬಂದು ಆಮೇಲೆ ಮಾಯವಾದರೆ, ಅದು ಸಾಮಾನ್ಯವಾಗಿ ಗಾಳಿಯ ತೊಂದರೆ. ಒಳಗೆ ಗುಳ್ಳೆ ಸೇರಿಕೊಂಡು ಇಂಕ್ ತಲುಪುತ್ತಿಲ್ಲ ಅಂತ ಅರ್ಥ. ಗಾಳಿಗೆ ಕ್ಲೀನಿಂಗಿಗಿಂತ ವಿಶ್ರಾಂತಿಯೇ ಒಳ್ಳೆಯ ಮದ್ದು. ಪ್ರಿಂಟರ್ ಆಫ್ ಮಾಡಿ 12 ಗಂಟೆ ಬಿಟ್ಟುಬಿಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಯಾಗುತ್ತದೆ. ಇನ್ನು ನಾಝಲ್ ಚೆಕ್ ಪೂರ್ತಿ ಸರಿ ಬಂದು, ಫೋಟೊದಲ್ಲಿ ಮಾತ್ರ ಗೆರೆ ಕಂಡರೆ ಹೆಡ್ಡಿನ ತಪ್ಪಲ್ಲ. ಅಲೈನ್‌ಮೆಂಟ್ (ಹನಿಗಳು ಸರಿಯಾದ ಜಾಗಕ್ಕೆ ಬೀಳುವಂತೆ ಹೊಂದಿಸುವ ಆಯ್ಕೆ) ಮಾಡಿ, ಸೆಟ್ಟಿಂಗಿನಲ್ಲಿ ಸರಿಯಾದ ಕಾಗದ ಆರಿಸಿದ್ದೀರಾ ನೋಡಿ.

ಏಳೆಂಟು ಕ್ಲೀನಿಂಗ್ ಆದರೂ ಏನೂ ಆಗಲಿಲ್ಲ ಅಂದಿರಲ್ಲ, ಅದೇ ನನಗೆ ಮುಖ್ಯವಾಗಿ ಕಂಡ ಮಾತು. ಕ್ಲೀನಿಂಗ್ ಒತ್ತಿದಾಗ ಒಳಗೆ ಏನಾಗುತ್ತದೆ ಅಂತ ತಿಳಿದರೆ ಕಾರಣವೂ ತಿಳಿಯುತ್ತದೆ. ಕೆಲಸವಿಲ್ಲದಾಗ ಹೆಡ್ ಒಂದು ಪಕ್ಕದಲ್ಲಿ ನಿಂತಿರುತ್ತದೆ. ಅದರ ಅಡಿಗೆ ಒಂದು ಕ್ಯಾಪ್ ಇದೆ, ಸುತ್ತ ರಬ್ಬರ್ ಅಂಚು. ಈ ಅಂಚು ಹೆಡ್ಡಿಗೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ, ಕೆಳಗಿನ ಪಂಪ್ ನಾಝಲ್‌ಗಳಿಂದ ಇಂಕ್ ಎಳೆಯುತ್ತದೆ. ಅಂಚಿನ ಮೇಲೆ ಒಣಗಿದ ಇಂಕಿನ ಗಸಿ ಕೂತಿದ್ದರೆ ಬಿಗಿ ಬರುವುದಿಲ್ಲ. ಆಗ ಪಂಪ್ ಎಳೆಯುವುದು ಸಂದಿನಿಂದ ಬರುವ ಗಾಳಿಯನ್ನು. ಸರಿಯಿರುವ ಬಣ್ಣಗಳ ಇಂಕ್ ಹರಿದುಹೋಗುತ್ತದೆ, ಕಟ್ಟಿಕೊಂಡಿದ್ದು ಹಾಗೇ ಇರುತ್ತದೆ. ಹರಿದ ಇಂಕೆಲ್ಲ ಹೋಗಿ ಸೇರುವುದು ಪ್ರಿಂಟರ್ ಒಳಗಿನ ವೇಸ್ಟ್ ಪ್ಯಾಡಿಗೆ. ಅದು ತುಂಬಿತು ಅಂತ ಪ್ರಿಂಟರಿನ ಲೆಕ್ಕದಲ್ಲಿ ಬಂದರೆ, ಪ್ರಿಂಟರ್ ಕೆಲಸವನ್ನೇ ನಿಲ್ಲಿಸುತ್ತದೆ. ಹೀಗೆ ಕಂಗಾಲಾದವರನ್ನು ನಾನು ಬಹಳ ನೋಡಿದ್ದೇನೆ. ಒಬ್ಬರ ಪ್ರಿಂಟರಿನಲ್ಲಿ ಆ ರಬ್ಬರ್ ಅಂಚಿಗೆ ಕಾಗದದ ಒಂದು ನಾರು ಅಂಟಿತ್ತು, ಅಷ್ಟೇ. ಅದನ್ನು ಒರೆಸಿದ ಮೇಲೆ ಒಂದೇ ಕ್ಲೀನಿಂಗಿಗೆ ಆರೂ ಬಣ್ಣ ಬಂತು.

ಹಾಗಾಗಿ ಮೊದಲು ಕ್ಯಾಪ್ ನೋಡಿ. ಕಾರ್ಟ್ರಿಜ್ ಬದಲಿಸುವ ಆಯ್ಕೆ ಒತ್ತಿ. ಹೆಡ್ ಪಕ್ಕಕ್ಕೆ ಸರಿದ ಮೇಲೆ ಪ್ಲಗ್ ತೆಗೆಯಿರಿ. ನೂಲು ಬಿಡದ ಬಟ್ಟೆಯ ತುದಿಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಒದ್ದೆ ಮಾಡಿ, ರಬ್ಬರ್ ಅಂಚನ್ನೂ ಪಕ್ಕದ ವೈಪರ್ ಪಟ್ಟಿಯನ್ನೂ ಮೆಲ್ಲಗೆ ಒರೆಸಿ. ಬಟ್ಟೆಗೆ ಇಂಕ್ ಹತ್ತುವುದು ಕಡಿಮೆಯಾಗುವ ತನಕ ಒರೆಸಿ. ನಂತರ ಕ್ಯಾಪ್ ಒಳಗಿನ ಸ್ಪಂಜಿಗೆ ಅದೇ ನೀರು ನಾಲ್ಕೈದು ಹನಿ ಬಿಡಿ. ಹೆಡ್ಡನ್ನು ಕೈಯಲ್ಲಿ ನಿಧಾನವಾಗಿ ಅದರ ಜಾಗಕ್ಕೆ ಸರಿಸಿ, ರಾತ್ರಿಯಿಡೀ ಬಿಡಿ. ಸರಿಯದಿದ್ದರೆ ಬಲವಂತ ಮಾಡಬೇಡಿ, ಪ್ಲಗ್ ಹಾಕಿ ಆನ್ ಮಾಡಿದರೆ ಅದೇ ಹೋಗಿ ನಿಲ್ಲುತ್ತದೆ. ಒಂದು ಎಚ್ಚರಿಕೆ: ಹೆಡ್ಡಿನ ಹಿಂದೆ ಉದ್ದಕ್ಕೂ ಒಂದು ತೆಳ್ಳಗಿನ ಪಾರದರ್ಶಕ ಪಟ್ಟಿ ಇರುತ್ತದೆ. ಹೆಡ್ ತಾನು ಎಲ್ಲಿದ್ದೇನೆ ಅಂತ ತಿಳಿಯುವುದು ಅದರಿಂದಲೇ. ಇಂಕ್ ಹತ್ತಿದ ಬೆರಳು ಅದಕ್ಕೆ ತಾಗಬಾರದು.

ಬೆಳಿಗ್ಗೆ ಎದ್ದು ಒಂದೇ ಕ್ಲೀನಿಂಗ್, ಒಂದು ನಾಝಲ್ ಚೆಕ್. ನಿನ್ನೆಯ ಹಾಳೆಯ ಜೊತೆ ಹೋಲಿಸಿ. ನಾಲ್ಕು ಗೆರೆ ಹೆಚ್ಚು ಬಂದಿದ್ದರೂ ದಾರಿ ಸರಿಯಿದೆ ಅಂತ ಅರ್ಥ. ತಕ್ಷಣ ಮತ್ತೊಂದು ಕ್ಲೀನಿಂಗ್ ಮಾಡುವ ಆಸೆಯಾಗುತ್ತದೆ, ತಡೆದುಕೊಳ್ಳಿ. ಅದರ ಬದಲು ಕಟ್ಟಿಕೊಂಡಿರುವ ಆ ಒಂದೇ ಬಣ್ಣದ ಒಂದು ಪುಟ ಪ್ರಿಂಟ್ ಮಾಡಿ. ಉಳಿದ ಐದು ಬಣ್ಣ ಹೆಚ್ಚು ಖರ್ಚಾಗುವುದಿಲ್ಲ. ರಾತ್ರಿ ಮತ್ತೆ ನಾಲ್ಕು ಹನಿ ಬಿಟ್ಟು ನಿಲ್ಲಿಸಿ.

ಇಲ್ಲಿ ನಿಮ್ಮ ಪ್ರಿಂಟರ್ ಯಾವ ಬಗೆಯದು ಅನ್ನುವುದೂ ಮುಖ್ಯ. ಎಪ್ಸನ್ ಪ್ರಿಂಟರುಗಳಲ್ಲಿ ಪೀಜೋ ಹೆಡ್ ಇರುತ್ತದೆ. ವಿದ್ಯುತ್ ಕೊಟ್ಟಾಗ ಒಂದು ಚಿಕ್ಕ ಪದರ ಬಾಗಿ ಇಂಕ್ ಹನಿಯನ್ನು ಹೊರಗೆ ತಳ್ಳುತ್ತದೆ. ಈ ಹೆಡ್ ಪ್ರಿಂಟರಿನಲ್ಲೇ ಕೂತಿರುತ್ತದೆ. ಕ್ಯಾನನ್, ಎಚ್‌ಪಿ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಶಾಖದಿಂದ ಹನಿ ಚಿಮ್ಮುತ್ತದೆ. ಅಂಥ ಹೆಡ್ಡಿನಲ್ಲಿ ಇಂಕ್ ಬಾರದ ಬಣ್ಣವನ್ನು ಪುಟಗಟ್ಟಲೆ ಪ್ರಿಂಟ್ ಮಾಡಿದರೆ ಒಣ ಹೀಟರ್ ಸುಟ್ಟುಹೋಗಬಹುದು. ಅಲ್ಲಿ ಮೊದಲು ಮೇಲೆ ಹೇಳಿದಂತೆ ಹನಿ ಬಿಟ್ಟು ನೆನೆಸಿ, ಇಂಕ್ ಬರತೊಡಗಿದ ಮೇಲೆ ಪ್ರಿಂಟ್ ಮಾಡಿ. ಕಾರ್ಟ್ರಿಜ್‌ನಲ್ಲೇ ಹೆಡ್ ಇರುವ ಮಾದರಿಯಾದರೆ ಚಿಂತೆಯೇ ಇಲ್ಲ, ಹೊಸ ಕಾರ್ಟ್ರಿಜ್ ಹಾಕಿದರೆ ಹೆಡ್ಡೂ ಹೊಸದು.

ಸಿರಿಂಜ್ ಬೇಡ ಅಂದಿದ್ದಕ್ಕೆ ಕಾರಣ ಇದು. ನಾಝಲ್ ರಂಧ್ರ ಕೂದಲಿಗಿಂತಲೂ ಸಣ್ಣದು. ಎಲ್ಲವೂ ಕಟ್ಟಿಕೊಂಡಾಗ ಬೆರಳಿನ ಒತ್ತಡಕ್ಕೆ ನೀರು ಮುಂದೆ ಹೋಗುವುದಿಲ್ಲ, ಪಕ್ಕದ ಬೆಸುಗೆ ಬಿಡಿಸಿಕೊಂಡು ಒಳಗೆ ಸೋರುತ್ತದೆ. ಬಣ್ಣಗಳು ಬೆರೆಯುತ್ತವೆ. ವಿದ್ಯುತ್ ಭಾಗಕ್ಕೆ ನೀರು ತಗುಲಿದರೆ ಹೆಡ್ ಅಲ್ಲಿಗೇ ಮುಗಿಯಿತು. ಸ್ಪಿರಿಟ್, ಗಾಜು ಒರೆಸುವ ದ್ರಾವಣವೂ ಬೇಡ. ಪಿಗ್ಮೆಂಟ್ ಇಂಕ್ (ಬಣ್ಣದ ಸಣ್ಣ ಕಣಗಳಿರುವ ಇಂಕ್) ಸ್ಪಿರಿಟ್ ತಗುಲಿದರೆ ಗಟ್ಟಿಯಾಗಿ ಹೆಪ್ಪುಗಟ್ಟಬಹುದು. ನಲ್ಲಿ ನೀರಿನಲ್ಲಿ ಲವಣ ಇರುತ್ತದೆ, ಅದೂ ಬೇಡ.

ನಾಲ್ಕೈದು ದಿನ ಹೀಗೆ ಮಾಡಿಯೂ ಪೆನ್ಸಿಲ್ ಗುರುತಿನ ಜಾಗ ಒಂದಿಷ್ಟೂ ಬದಲಾಗದಿದ್ದರೆ ಸರ್ವಿಸಿನವರಿಗೆ ತೋರಿಸಿ. ಹೋಗುವಾಗ ಆ ಹಾಳೆಗಳನ್ನೂ ತೆಗೆದುಕೊಂಡು ಹೋಗಿ, ಅವರಿಗೆ ಅರ್ಧ ಕೆಲಸ ಉಳಿಯುತ್ತದೆ.

ಪ್ರಶ್ನೆ: ಫೋಟೊ ಪ್ರಿಂಟರನ್ನು ಸದಾ ಆನ್ ಇಡಬೇಕಾ, ಕೆಲಸ ಮುಗಿದ ಮೇಲೆ ಆಫ್ ಮಾಡಬೇಕಾ? ಬಳಸದಿದ್ದಾಗ ಕಾರ್ಟ್ರಿಜ್ ತೆಗೆದಿಟ್ಟರೆ ಇಂಕ್ ಒಣಗುವುದಿಲ್ಲ ಅಲ್ವಾ?

ಉತ್ತರ: ಕಾರ್ಟ್ರಿಜ್ ತೆಗೆಯಬೇಡಿ. ತೆಗೆದರೆ ಹೆಡ್ ಒಳಗೆ ಗಾಳಿ ಸೇರುತ್ತದೆ, ಒಳಗಿರುವ ಇಂಕ್ ಇನ್ನೂ ಬೇಗ ಒಣಗುತ್ತದೆ. ಕೆಲಸ ಮುಗಿದ ಮೇಲೆ ಆಫ್ ಮಾಡುವುದೇ ಸರಿ. ಆದರೆ ಪ್ರಿಂಟರಿನ ಸ್ವಂತ ಬಟನ್ನಿನಿಂದಲೇ ಮಾಡಿ. ಹಾಗೆ ಮಾಡಿದಾಗ ಹೆಡ್ ಕ್ಯಾಪಿನ ಮೇಲೆ ಹೋಗಿ ಕೂತ ನಂತರ ಯಂತ್ರ ನಿಲ್ಲುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಹೆಡ್ ಎಲ್ಲಿದೆಯೋ ಅಲ್ಲೇ, ಬಾಯಿ ತೆರೆದುಕೊಂಡೇ ಉಳಿದುಬಿಡಬಹುದು. ದಿನಕ್ಕೆ ಹತ್ತು ಸಲ ಆನ್ ಆಫ್ ಮಾಡುವುದೂ ಬೇಡ. ಅನೇಕ ಪ್ರಿಂಟರುಗಳು ಆನ್ ಮಾಡಿದಾಗಲೆಲ್ಲ ತಾವಾಗಿಯೇ ಸ್ವಲ್ಪ ಇಂಕ್ ಎಳೆದು ಸ್ವಚ್ಛ ಮಾಡಿಕೊಳ್ಳುತ್ತವೆ.

ವಾರಕ್ಕೊಂದು ಚಿಕ್ಕ ಬಣ್ಣದ ಫೋಟೊ ತೆಗೆಯಿರಿ. ಕಪ್ಪು ಅಕ್ಷರದ ಪುಟ ಈ ಕೆಲಸಕ್ಕೆ ಬರುವುದಿಲ್ಲ, ಬಣ್ಣದ ನಾಝಲ್‌ಗಳು ಸುಮ್ನೆ ಕೂತಿರುತ್ತವೆ. ಫ್ಯಾನಿನ ಅಥವಾ ಎಸಿಯ ಗಾಳಿ ನೇರವಾಗಿ ಬೀಳುವ ಕಡೆ ಪ್ರಿಂಟರ್ ಇದ್ದರೆ ಜಾಗ ಬದಲಿಸಿ. ಊರಿಗೆ ಹೋಗುವ ಹಿಂದಿನ ದಿನ ಒಂದು ಫೋಟೊ ತೆಗೆದು, ಬಟನ್ನಿನಿಂದ ಆಫ್ ಮಾಡಿ, ಮೇಲೆ ಒಂದು ಬಟ್ಟೆ ಹೊದಿಸಿ ಹೋಗಿ.